ಎರವಲು ಹಾಡಿನ ಋಣ

ಹಳೆಯ ಗ್ರಾಮಾಫೋನ್ ತಟ್ಟೆಯ ನಟ್ಟನಡುವೆ ಒಂದು ದುಂಡು ಕಾಗದ ಅಂಟಿಸಿರುತ್ತಾರೆ. ಹಾಡುಗಾರನ ಹೆಸರು ಅದರಲ್ಲಿ ದಪ್ಪ ಅಕ್ಷರಗಳಲ್ಲಿರುತ್ತದೆ. ಹಾಡಿನ ಹೆಸರಿನ ಕೆಳಗೆ, ಕಂಸದೊಳಗೆ, ಕಣ್ಣು ಕಿರಿದು ಮಾಡಿ ಓದಬೇಕಾದಷ್ಟು ಸಣ್ಣದಾಗಿ ಇನ್ನೊಂದೆರಡು ಹೆಸರುಗಳಿರುತ್ತವೆ. ಹಾಡನ್ನು ಬರೆದವರು ಅವರು. ತಟ್ಟೆ ತಿರುಗಲು ಶುರುವಾದೊಡನೆ ಮೊದಲು ಮಾಯವಾಗುವುದು ಆ ಸಣ್ಣ ಹೆಸರುಗಳೇ.

ಗಜಲ್ ಕೇಳಿ ಬೆಳೆದ ನಮಗೆ ಇದು ಸ್ವಲ್ಪ ವಿಚಿತ್ರವಾಗಿ ಕಾಣುತ್ತದೆ. ಗಜಲಿನ ಕೊನೆಯ ದ್ವಿಪದಿಯಾದ ಮಖ್ತಾದಲ್ಲಿ ಕವಿ ತನ್ನ ತಖಲ್ಲುಸ್ ಇಟ್ಟಿರುತ್ತಾನೆ. ಹಾಡುವವರು ಯಾರೇ ಆಗಲಿ, ಆ ಹೆಸರನ್ನು ತಮ್ಮ ಬಾಯಿಂದಲೇ ಉಚ್ಚರಿಸಿ ಮುಗಿಸಬೇಕು. ವಚನಗಳ ಅಂಕಿತವೂ ಹಾಗೆಯೇ. ಅಲ್ಲಿರುವುದು ದೇವರ ಹೆಸರಾದರೂ ಕೇಳಿದವರಿಗೆ ನುಡಿದವರ ಗುರುತು ಸಿಕ್ಕಿಬಿಡುತ್ತದೆ. ಪಶ್ಚಿಮದ ಜನಪ್ರಿಯ ಹಾಡುಗಳಿಗೆ ಇಂಥ ಅಂಕಿತವಿಲ್ಲ. ಹಾಡು ಒಂದು ಬಾಯಿಂದ ಇನ್ನೊಂದು ಬಾಯಿಗೆ ಹೋದಾಗ ಬರೆದವನ ಹೆಸರು ಉಳಿಯುವುದು ಆ ಕಾಗದದ ಮೇಲೆ ಮಾತ್ರ. ಕೆಲವೊಮ್ಮೆ ಅಲ್ಲಿಯೂ ಉಳಿಯುವುದಿಲ್ಲ.

ಹಾಗಿದ್ದರೆ ಹಾಡು ಯಾರದು? ಬರೆದವನದೋ, ಹಾಡಿದವನದೋ? ಈ ಪ್ರಶ್ನೆ ಎದುರಾದಾಗಲೆಲ್ಲ ನಮಗೆ ನೆನಪಾಗುವುದು ಇಂಗ್ಲೆಂಡಿನ ಜೋ ಕಾಕರ್. ಬ್ಲೂಸ್ ಮತ್ತು ಸೋಲ್ ಸಂಗೀತದ ಒರಟು ದನಿಯ ಈ ಹಾಡುಗಾರ ಸುಮಾರು ಐವತ್ತು ವರ್ಷ ವೇದಿಕೆಯ ಮೇಲಿದ್ದ. ಅಷ್ಟು ವರ್ಷಗಳಲ್ಲಿ ಆತ ಪ್ರಸಿದ್ಧನಾದದ್ದು ಬಹುಮಟ್ಟಿಗೆ ಪರರು ಬರೆದ ಹಾಡುಗಳಿಂದ. ಎರವಲು ತಂದ ಹಾಡಿನಲ್ಲೇ ಬದುಕಿದವನ ಕತೆಯಲ್ಲಿ ಈ ಪ್ರಶ್ನೆಗೆ ಉತ್ತರವಲ್ಲದಿದ್ದರೂ ಒಂದಿಷ್ಟು ಬೆಳಕು ಸಿಗಬಹುದು.

ಜಾನ್ ರಾಬರ್ಟ್ ಕಾಕರ್ ಹುಟ್ಟಿದ್ದು 1944ರ ಮೇ 20ರಂದು, ಶೆಫೀಲ್ಡ್ ನಗರದ ಕ್ರೂಕ್ಸ್ ಎಂಬ ಬಡಾವಣೆಯಲ್ಲಿ. ಶೆಫೀಲ್ಡ್ ಉಕ್ಕಿನ ಊರು. ಚಾಕು, ಕತ್ತರಿ, ಚಮಚಗಳ ಮೇಲೆ ಈ ಊರಿನ ಹೆಸರು ಕೆತ್ತಿದ್ದರೆ ಅದು ಗುಣಮಟ್ಟದ ಮುದ್ರೆ ಎಂದು ಲೋಕವೆಲ್ಲ ನಂಬುತ್ತಿದ್ದ ಕಾಲವೊಂದಿತ್ತು. ಕಾಕರ್ ಶಾಲೆ ಬಿಟ್ಟು ಈಸ್ಟ್ ಮಿಡ್‌ಲ್ಯಾಂಡ್ಸ್ ಗ್ಯಾಸ್ ಬೋರ್ಡಿನಲ್ಲಿ ಮನೆಗಳಿಗೆ ಗ್ಯಾಸ್ ಪೈಪು ಜೋಡಿಸುವ ಕೆಲಸ ಕಲಿಯಲು ಸೇರಿದ. ಹಗಲು ಪೈಪು, ರಾತ್ರಿ ಪಬ್ಬುಗಳಲ್ಲಿ ಹಾಡು. ಅಣ್ಣ ವಿಕ್ಟರ್‌ಗೂ ಒಂದು ಹಾಡುವ ತಂಡವಿತ್ತು. ತಮ್ಮ ಹನ್ನೆರಡರ ವಯಸ್ಸಿನಲ್ಲಿ ಮೊದಲ ಸಲ ಜನರೆದುರು ಹಾಡಿದ್ದು ಅಣ್ಣನ ತಂಡದ ಜೊತೆಯಲ್ಲೇ.

ಆ ತಂಡಗಳಲ್ಲಿ ಹಾಡುತ್ತಿದ್ದದ್ದು ಏನು? ಇಲ್ಲಿಂದಲೇ ಎರವಲಿನ ಕತೆ ಶುರುವಾಗುತ್ತದೆ. ಅಮೆರಿಕದ ದಕ್ಷಿಣದ ಹತ್ತಿ ಹೊಲಗಳಲ್ಲಿ, ಗುಲಾಮಗಿರಿ ಕಾನೂನಿನಲ್ಲಿ ಮುಗಿದರೂ ಬದುಕಿನಲ್ಲಿ ಮುಗಿಯದ ದಿನಗಳಲ್ಲಿ, ಕಪ್ಪು ಜನರ ನಡುವೆ ರೂಪುಗೊಂಡ ಸಂಗೀತ ಬ್ಲೂಸ್. ಒಂದು ಸಾಲು, ಮತ್ತೆ ಅದೇ ಸಾಲು, ಆಮೇಲೆ ಅದಕ್ಕೊಂದು ಉತ್ತರ. ಇಷ್ಟೇ ಅದರ ಸಾಮಾನ್ಯ ಕಟ್ಟು. ಈ ಹಾಡುಗಳು ಅಟ್ಲಾಂಟಿಕ್ ದಾಟಿ ಬ್ರಿಟನ್ನಿನ ದುಡಿಯುವ ಜನರ ಮನೆಗಳಿಗೆ ಬಂದದ್ದು ಹಲವು ದಾರಿಗಳಲ್ಲಿ. ಅರ್ಕನ್ಸಾಸ್ ಜೈಲಿನ ಕೈದಿಗಳು ಹಾಡುತ್ತಿದ್ದ, ಲೆಡ್ ಬೆಲಿ ಎಂಬ ಕಪ್ಪು ಹಾಡುಗಾರ ಪ್ರಸಿದ್ಧಗೊಳಿಸಿದ್ದ ರೈಲಿನ ಹಾಡೊಂದನ್ನು ಸ್ಕಾಟ್‌ಲ್ಯಾಂಡ್ ಮೂಲದ ಲಾನಿ ಡೊನೆಗನ್ ಹಾಡಿದ. 1956ರಲ್ಲಿ ಅದು ಬ್ರಿಟನ್ನಿನಲ್ಲಿ ಎಷ್ಟು ಜನಪ್ರಿಯವಾಯಿತೆಂದರೆ, ಹುಡುಗರು ಬಟ್ಟೆ ಉಜ್ಜುವ ತಗಡು, ಚಹಾದ ಪೆಟ್ಟಿಗೆಗಳನ್ನೇ ವಾದ್ಯ ಮಾಡಿಕೊಂಡು ಬೀದಿಬೀದಿಯಲ್ಲಿ ತಂಡ ಕಟ್ಟಿದರು. ಇದನ್ನು ಅವರು ಸ್ಕಿಫಲ್ ಎಂದರು. 1958ರಲ್ಲಿ ಷಿಕಾಗೊದ ಮಡ್ಡಿ ವಾಟರ್ಸ್ ಇಂಗ್ಲೆಂಡಿಗೆ ಬಂದು ಹಾಡಿದ. 1962ರಲ್ಲಿ ಅಲೆಕ್ಸಿಸ್ ಕಾರ್ನರ್ ಮತ್ತು ಸಿರಿಲ್ ಡೇವಿಸ್ ಲಂಡನ್ನಿನ ಈಲಿಂಗ್‌ನಲ್ಲಿ ಬ್ಲೂಸ್ ಹಾಡುವವರಿಗೆಂದೇ ಒಂದು ನೆಲೆ ಮಾಡಿದರು. ಮುಂದೆ ಜಗತ್ತನ್ನೇ ಆಳಿದ ಎಷ್ಟೋ ಬಿಳಿಯ ತರುಣರು ಅಲ್ಲಿ ಕೂತು ಪಾಠ ಕಲಿತವರು.

ಶೆಫೀಲ್ಡಿನ ಈ ಗ್ಯಾಸ್ ಕೆಲಸದ ಹುಡುಗನಿಗೆ ಡೊನೆಗನ್ ಒಬ್ಬ ಗುರುವಾದರೆ ಇನ್ನೊಬ್ಬ ಗುರು ರೇ ಚಾರ್ಲ್ಸ್. ಬಾಲ್ಯದಲ್ಲೇ ಕಣ್ಣು ಕಳೆದುಕೊಂಡ, ಪಿಯಾನೊ ಮುಂದೆ ಕೂತು ಚರ್ಚಿನ ಹಾಡಿನ ಆರ್ತತೆಯನ್ನೂ ಬೀದಿಯ ಹಾಡಿನ ಹಸಿವನ್ನೂ ಒಂದೇ ಗಂಟಲಲ್ಲಿ ಬೆರೆಸಿದ ಕಪ್ಪು ಕಲಾವಿದ. ಕಾಕರ್ ಅವನನ್ನು ಕೇಳಿದ್ದು ರೆಕಾರ್ಡುಗಳಲ್ಲಿ. ಆದರೆ ಕಲಿತದ್ದು ಎದುರು ಕೂತು ಕಲಿತ ಶಿಷ್ಯನಷ್ಟೇ ಆಳವಾಗಿ.

1961ರಲ್ಲಿ ಆತ ವ್ಯಾನ್ಸ್ ಆರ್ನಲ್ಡ್ ಎಂಬ ಹೆಸರಿಟ್ಟುಕೊಂಡು ಪಬ್ಬುಗಳಲ್ಲಿ ಹಾಡತೊಡಗಿದ. 1963ರಲ್ಲಿ ಶೆಫೀಲ್ಡ್ ಸಿಟಿ ಹಾಲ್‌ನಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಕಾರ್ಯಕ್ರಮಕ್ಕೆ ಮುನ್ನ ಹಾಡುವ ಅವಕಾಶವೂ ಸಿಕ್ಕಿತು. 1964ರಲ್ಲಿ ಡೆಕ್ಕಾ ಕಂಪನಿ ಅವನ ಮೊದಲ ರೆಕಾರ್ಡು ಹೊರತಂದಿತು. ಅದು ಬೀಟಲ್ಸ್ ತಂಡದ 'ಐ ವಿಲ್ ಕ್ರೈ ಇನ್‌ಸ್ಟೆಡ್' ಎಂಬ ಹಾಡು. ಅಂದರೆ ಮೊದಲ ಹೆಜ್ಜೆಯೇ ಎರವಲು. ರೆಕಾರ್ಡು ಸೋತಿತು. ಗ್ಯಾಸ್ ಬೋರ್ಡಿನಿಂದ ರಜೆ ಪಡೆದು ಬಂದಿದ್ದವನು ಮತ್ತೆ ಊರಿಗೆ ಮರಳಿದ.

ಇಲ್ಲಿ 'ಕವರ್' ಎಂಬ ಪದದ ಬಗ್ಗೆ ಸ್ವಲ್ಪ ಹೇಳಬೇಕು. ಒಬ್ಬರು ಈಗಾಗಲೇ ಹಾಡಿ ರೆಕಾರ್ಡು ಮಾಡಿದ ಹಾಡನ್ನು ಇನ್ನೊಬ್ಬರು ಹಾಡಿ ಹೊರತಂದರೆ ಅದಕ್ಕೆ ಇಂಗ್ಲಿಷಿನಲ್ಲಿ ಕವರ್ ಎನ್ನುತ್ತಾರೆ. ಕವರ್ ಎಂದರೆ ಮುಚ್ಚುವುದು ಎಂಬ ಅರ್ಥವೂ ಇದೆಯಷ್ಟೆ. 1950ರ ದಶಕದ ಅಮೆರಿಕದಲ್ಲಿ ಈ ಅರ್ಥ ಅಕ್ಷರಶಃ ನಿಜವಾಗಿತ್ತು. ಕಪ್ಪು ಗಾಯಕನ ಹಾಡು ಜನರ ಬಾಯಿಗೆ ಬರುವ ಸೂಚನೆ ಸಿಕ್ಕೊಡನೆ ಕಂಪನಿಗಳು ಅದೇ ಹಾಡನ್ನು ಬಿಳಿಯ ಗಾಯಕನಿಂದ ಹಾಡಿಸಿ ಅಂಗಡಿಗೆ ತರುತ್ತಿದ್ದವು. ಲಿಟಲ್ ರಿಚರ್ಡ್ ಕಿರುಚಿ ಹಾಡಿದ್ದ 'ಟುಟಿ ಫ್ರುಟಿ'ಯನ್ನು ಪ್ಯಾಟ್ ಬೂನ್ ಮೆತ್ತಗೆ ಹಾಡಿದ. 1956ರಲ್ಲಿ ಜನಪ್ರಿಯತೆಯ ಪಟ್ಟಿಯಲ್ಲಿ ಮೂಲಕ್ಕಿಂತ ನಕಲೇ ಮೇಲಿತ್ತು. ಒಂದು ಹಾಡು ಇನ್ನೊಂದನ್ನು ಮುಚ್ಚುವುದೆಂದರೆ ಇದೇ.

ಕಾನೂನು ಇದಕ್ಕೆ ಅಡ್ಡಿಯಾಗಿರಲಿಲ್ಲ. 1909ರ ಅಮೆರಿಕದ ಹಕ್ಕುಸ್ವಾಮ್ಯ ಕಾಯಿದೆಯಲ್ಲಿ ಒಂದು ನಿಯಮವಿತ್ತು. ಆಗ ತಾನಾಗಿಯೇ ನುಡಿಯುವ ಪಿಯಾನೊಗಳ ಕಾಲ. ತೂತು ಹೊಡೆದ ಕಾಗದದ ಸುರುಳಿಗಳಲ್ಲಿ ಹಾಡುಗಳು ಮಾರಾಟವಾಗುತ್ತಿದ್ದವು. ಒಂದೇ ಕಂಪನಿ ಎಲ್ಲ ಹಾಡುಗಳನ್ನೂ ಕೊಂಡುಕೊಂಡು ಏಕಸ್ವಾಮ್ಯ ಸ್ಥಾಪಿಸಬಹುದೆಂಬ ಭಯದಿಂದ ಸಂಸತ್ತು ಹೀಗೆಂದಿತು: ಒಮ್ಮೆ ಹಾಡು ಯಂತ್ರದ ರೂಪದಲ್ಲಿ ಹೊರಬಂದರೆ ಬೇರೆ ಯಾರಾದರೂ ಅದನ್ನು ತಯಾರಿಸಬಹುದು, ಪ್ರತಿಯೊಂದಕ್ಕೆ 2 ಸೆಂಟು ಕೊಟ್ಟರಾಯಿತು. 1978ರ ತನಕ ಆ ಎರಡು ಸೆಂಟು ಎರಡೇ ಸೆಂಟಾಗಿ ಉಳಿದಿತ್ತು. ಬ್ರಿಟನ್ನಿನ 1911ರ ಕಾಯಿದೆಯಲ್ಲೂ ಇಂಥದೇ ಏರ್ಪಾಡು ಇತ್ತು. ಹೀಗಾಗಿ ಕವರ್ ಕಳ್ಳತನವಲ್ಲ. ಬರೆದವನ ಹೆಸರಿದ್ದರೆ, ಅವನ ಪಾಲು ಸಂದರೆ, ಅದು ಶುದ್ಧ ವ್ಯವಹಾರ. ತೊಂದರೆ ಇದ್ದದ್ದು ಆ 'ಇದ್ದರೆ' ಎಂಬ ಮಾತಿನಲ್ಲಿ. ಹೆಸರು ಯಾರದು ಎಂದು ಬರೆಯುವ ಲೇಖನಿ ಯಾವಾಗಲೂ ಬಡವನ ಕೈಯಲ್ಲಿ ಇರುತ್ತಿರಲಿಲ್ಲ.

ಬಡವನೆಂದೇನು, ಒಂದೇ ತಂಡದ ಗೆಳೆಯರ ನಡುವೆಯೂ ಆ ಲೇಖನಿ ಅನ್ಯಾಯ ಮಾಡಬಲ್ಲದು. ನ್ಯೂಕ್ಯಾಸಲ್‌ನ ದಿ ಅನಿಮಲ್ಸ್ ತಂಡ 1964ರಲ್ಲಿ 'ದಿ ಹೌಸ್ ಆಫ್ ದಿ ರೈಸಿಂಗ್ ಸನ್' ಎಂಬ ಜನಪದ ಹಾಡನ್ನು ಹಾಡಿತು. ಹಾಡಿದವನು ಎರಿಕ್ ಬರ್ಡನ್. ವಾದ್ಯ ನುಡಿಸಿದವರು ನಾಲ್ವರು. ಲೇಬಲ್ಲಿನ ಮೇಲೆ ಜೋಡಣೆಗಾರನೆಂದು ಅಚ್ಚಾದದ್ದು ಆರ್ಗನ್ ನುಡಿಸಿದ ಅಲನ್ ಪ್ರೈಸ್ ಒಬ್ಬನ ಹೆಸರು. ಹಾಡು ಅಟ್ಲಾಂಟಿಕ್‌ನ ಎರಡೂ ದಡಗಳಲ್ಲಿ ಮೊದಲ ಸ್ಥಾನಕ್ಕೇರಿತು. ಜೋಡಣೆಗೆ ಸಲ್ಲುವ ಹಣವೆಲ್ಲ ಆ ಒಂದು ಹೆಸರಿಗೇ ಹೋಯಿತು.

ಮತ್ತೆ ಕಾಕರ್‌ನ ಕಡೆಗೆ ಬರೋಣ. ಕೆಲವು ವರ್ಷಗಳ ಅಜ್ಞಾತವಾಸದ ನಂತರ ಆತ ಕ್ರಿಸ್ ಸ್ಟೇಂಟನ್ ಎಂಬ ಗೆಳೆಯನೊಡನೆ 'ಗ್ರೀಸ್ ಬ್ಯಾಂಡ್' ಕಟ್ಟಿದ. ಇಬ್ಬರೂ ಸೇರಿ ಬರೆದ 'ಮಾರ್ಜೊರೀನ್' ಎಂಬ ಸ್ವಂತ ಹಾಡು 1968ರಲ್ಲಿ ಪಟ್ಟಿಯ ತಳದಲ್ಲೆಲ್ಲೋ ಮಿಣುಕಿ ಮರೆಯಾಯಿತು. ಅದೇ ವರ್ಷ ಹೊರಬಿದ್ದ ಎರವಲು ಹಾಡು ನವೆಂಬರಿನಲ್ಲಿ ಬ್ರಿಟನ್ನಿನ ಮೊದಲ ಸ್ಥಾನದಲ್ಲಿತ್ತು. ಅದು ಬೀಟಲ್ಸ್‌ನ ಲೆನನ್ ಮತ್ತು ಮೆಕಾರ್ಟ್ನಿ ಬರೆದ 'ವಿತ್ ಎ ಲಿಟಲ್ ಹೆಲ್ಪ್ ಫ್ರಮ್ ಮೈ ಫ್ರೆಂಡ್ಸ್'.

ಬೀಟಲ್ಸ್‌ನ 1967ರ ಆಲ್ಬಮ್ಮಿನಲ್ಲಿ ಈ ಹಾಡನ್ನು ಹೇಳಿದ್ದು ಡ್ರಮ್ ನುಡಿಸುವ ರಿಂಗೊ ಸ್ಟಾರ್. ದೊಡ್ಡ ಗಾಯಕನಲ್ಲದ ಗೆಳೆಯನಿಗೆಂದೇ ಬರೆದ, ಸಣ್ಣ ಎತ್ತರದ, ನಗುಮುಖದ ಹಾಡು ಅದು. ಅಪಸ್ವರ ಹಾಡಿದರೆ ಎದ್ದು ಹೋಗುತ್ತೀರಾ ಎಂದು ಕೇಳುವಾಗ ರಿಂಗೊನ ದನಿಯಲ್ಲಿ ತಮಾಷೆಯಿದೆ. ಹೋಗುವುದಿಲ್ಲ ಎಂಬುದು ಅವನಿಗೂ ಗೊತ್ತು, ನಮಗೂ ಗೊತ್ತು. ಕಾಕರ್ ಅದನ್ನು ಏನು ಮಾಡಿದ? ಓಟವನ್ನು ನಿಲ್ಲಿಸಿ, ನಡಿಗೆಯನ್ನು ಬದಲಿಸಿ, ಮೂರು ಎಣಿಕೆಯ ನಿಧಾನ ತೂಗಾಟಕ್ಕೆ ಇಳಿಸಿದ. ಆರ್ಗನ್ನಿನ ಚರ್ಚಿನಂಥ ಪೀಠಿಕೆ. ಆಮೇಲೆ ಗಿಟಾರಿನ ಸಿಡಿಲು. ಮೂಲದಲ್ಲಿ ಹಿನ್ನೆಲೆಯ ಗಂಡಸರು ಕೇಳುತ್ತಿದ್ದ ಪ್ರಶ್ನೆಗಳನ್ನು ಇಲ್ಲಿ ಹೆಂಗಸರು ಕೇಳುತ್ತಾರೆ. ಚರ್ಚಿನ ಮೇಳದಂತೆ ಅವರು ಪ್ರಶ್ನೆ ಎತ್ತುವುದು, ಅದಕ್ಕೆ ಇವನು ಗಂಟಲು ಹರಿಯುವಂತೆ ಉತ್ತರಿಸುವುದು. ಅದೇ ಮಾತು, ಅದೇ ರಾಗದ ಎಲುಬು. ಆದರೆ ಈ ಸಲ ಕೇಳುತ್ತಿರುವವನು ನಿಜಕ್ಕೂ ಒಂಟಿ. ನೀವೆಲ್ಲ ಎದ್ದು ಹೋಗಬಹುದೆಂಬ ಭಯ ಅವನಿಗೆ ನಿಜವಾಗಿಯೂ ಇದೆ. ಗೆಳೆಯರ ಸಹಾಯ ಎಂಬ ಮಾತು ಇಲ್ಲಿ ಮೊರೆಯಾಗುತ್ತದೆ.

ಬರೆದವರು ಇದನ್ನು ಕೇಳಿ ಮುನಿಯಲಿಲ್ಲ. ಅಭಿನಂದಿಸಿದರು. ಮುಂದಿನ ಆಲ್ಬಮ್ಮಿಗೆ ಬೀಟಲ್ಸ್‌ನ ಇನ್ನೆರಡು ಹಾಡು ಸಿಕ್ಕವು. ಕಾಕರ್ ತೀರಿಕೊಂಡಾಗ ಪಾಲ್ ಮೆಕಾರ್ಟ್ನಿ, ಆತ ತಮ್ಮ ಹಾಡನ್ನು ಸೋಲ್ ಸಂಗೀತದ ಗೀತೆಯಾಗಿಸಿದ್ದಕ್ಕೆ ತಾನು ಸದಾ ಕೃತಜ್ಞ ಎಂಬ ಅರ್ಥದ ಮಾತು ಹೇಳಿದ. ಮುಚ್ಚುವ ಕವರ್ ಅಲ್ಲ, ತೆರೆಯುವ ಕವರ್ ಎಂದು ನಾವು ಇದನ್ನು ಕರೆಯಬಹುದು.

ಆ ರೆಕಾರ್ಡಿನಲ್ಲಿ ಸಿಡಿಲಿನಂತೆ ಗಿಟಾರ್ ನುಡಿಸಿದವನ ಹೆಸರು ಜಿಮ್ಮಿ ಪೇಜ್. ಓದುಗರು ಈ ಹೆಸರನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಮತ್ತೆ ಬರುತ್ತದೆ.

1969ರ ಆಗಸ್ಟ್ 17, ಭಾನುವಾರ ಮಧ್ಯಾಹ್ನ. ನ್ಯೂಯಾರ್ಕ್ ರಾಜ್ಯದ ಹೊಲವೊಂದರಲ್ಲಿ ವುಡ್‌ಸ್ಟಾಕ್ ಸಂಗೀತೋತ್ಸವ. ಲಕ್ಷಾಂತರ ತರುಣರ ಎದುರು ಬಣ್ಣಬಣ್ಣದ ಅಂಗಿಯ ಕಾಕರ್ ಅದೇ ಹಾಡನ್ನು ಕೊನೆಯ ಹಾಡಾಗಿ ಹಾಡಿದ. ಅದು ಮುಗಿದ ಮೇಲೆ ಆಕಾಶ ಕಪ್ಪಾಗಿ ಬಿರುಗಾಳಿ ಮಳೆ ಸುರಿಯಿತು. ಮರುವರ್ಷ ಬಂದ ಚಲನಚಿತ್ರದಲ್ಲಿ ಲೋಕವೆಲ್ಲ ಅವನ ಕೈಗಳನ್ನು ನೋಡಿತು. ಹಾಡುವಾಗ ಅವನ ಕೈ, ಬೆರಳು, ಭುಜಗಳೆಲ್ಲ ತಮ್ಮಷ್ಟಕ್ಕೆ ಸೆಳೆತಕ್ಕೆ ಸಿಕ್ಕಂತೆ ಆಡುತ್ತಿದ್ದವು. ಕೆಲವರು ಏನೋ ಕಾಯಿಲೆ ಎಂದುಕೊಂಡರು. ಅಮೆರಿಕದ ಟಿವಿಯಲ್ಲಿ ಜಾನ್ ಬೆಲೂಷಿ ಎಂಬ ನಟ ಅದನ್ನು ಅಣಕಿಸಿ ಹೆಸರು ಮಾಡಿದ. 1976ರಲ್ಲಿ ಕಾಕರ್ ಅದೇ ಅಣಕಿಗನ ಪಕ್ಕದಲ್ಲಿ ನಿಂತು ಹಾಡಿದ್ದೂ ಉಂಟು. ವಾದ್ಯ ನುಡಿಸದ ಗಾಯಕ ತನ್ನೊಳಗೆ ಕೇಳುತ್ತಿದ್ದ ಪಿಯಾನೊ, ಗಿಟಾರುಗಳನ್ನು ಗಾಳಿಯಲ್ಲಿ ನುಡಿಸುತ್ತಿದ್ದ, ಅಷ್ಟೆ. ಪಿಯಾನೊ ಮುಂದಿನ ರೇ ಚಾರ್ಲ್ಸ್ ಆ ಕೈಗಳೊಳಗೆ ಇದ್ದ.

1970ರಲ್ಲಿ ದಣಿದಿದ್ದ ಕಾಕರ್ ವಿಶ್ರಾಂತಿ ಬಯಸಿದ. ಆದರೆ ಅಮೆರಿಕದಲ್ಲಿ ಕಾರ್ಯಕ್ರಮಗಳು ಆಗಲೇ ನಿಗದಿಯಾಗಿದ್ದವು. ಲಿಯಾನ್ ರಸೆಲ್ ಎಂಬ ಸಂಗೀತಗಾರ ಕೆಲವೇ ದಿನಗಳಲ್ಲಿ ಮೂವತ್ತಕ್ಕೂ ಹೆಚ್ಚು ಜನರ ಒಂದು ದಂಡನ್ನೇ ಕಟ್ಟಿದ. ಅದರ ಹೆಸರು 'ಮ್ಯಾಡ್ ಡಾಗ್ಸ್ ಅಂಡ್ ಇಂಗ್ಲಿಷ್‌ಮೆನ್'. ಸುಮಾರು ಎರಡು ತಿಂಗಳಲ್ಲಿ ಊರಿನಿಂದ ಊರಿಗೆ ತಿರುಗಿದ ಆ ಮೆರವಣಿಗೆಯಿಂದ ಒಂದು ಅಮೋಘ ಆಲ್ಬಮ್ ಹುಟ್ಟಿತು, ಒಂದು ಚಲನಚಿತ್ರವೂ ಹುಟ್ಟಿತು. ಪೆಟ್ಟಿಗೆ ತುಂಬಿದ್ದು ಮಾತ್ರ ಬೇರೆಯವರದು. ಅಷ್ಟು ಜನರ ಊಟ, ವಸತಿ, ವಿಮಾನದ ಖರ್ಚು ಕಳೆದು ಕಾಕರ್‌ನ ಕೈಗೆ ಉಳಿದದ್ದು ಅತ್ಯಲ್ಪ. ಆತ ಕುಸಿದುಹೋದ. ಶೆಫೀಲ್ಡಿನ ತಂದೆ ತಾಯಿಯ ಮನೆಗೆ ಮರಳಿದ. ಕುಡಿತ ಹೆಚ್ಚಿತು. 1972ರಲ್ಲಿ ಆಸ್ಟ್ರೇಲಿಯಕ್ಕೆ ಹೋದಾಗ ಅಡಿಲೇಡಿನಲ್ಲಿ ಗಾಂಜಾ ಇಟ್ಟುಕೊಂಡ ಆರೋಪದ ಮೇಲೆ ಬಂಧನವಾಯಿತು. ದೇಶ ಬಿಡುವಂತೆ ಆಜ್ಞೆಯೂ ಆಯಿತು.

ಈ ಕುಸಿತಕ್ಕೆ ಅವನ ದುಶ್ಚಟಗಳು ಕಾರಣವೆಂಬುದರಲ್ಲಿ ಸಂಶಯವಿಲ್ಲ. ಆದರೆ ಎರವಲು ಹಾಡುಗಾರನ ಆರ್ಥಿಕತೆಯನ್ನೂ ಗಮನಿಸಬೇಕು. ರೆಕಾರ್ಡು ಮಾರಾಟವಾದಾಗ ಬರೆದವನಿಗೆ ಒಂದು ಪಾಲು, ಹಾಡಿದವನಿಗೆ ಇನ್ನೊಂದು ಪಾಲು. ಹಾಡಿದವನ ಪಾಲಿನಿಂದ ಸ್ಟುಡಿಯೊ ಖರ್ಚನ್ನು ಕಂಪನಿ ಮೊದಲೇ ಮುರಿದುಕೊಳ್ಳುತ್ತದೆ. ಇನ್ನು ರೇಡಿಯೊ. ಅಮೆರಿಕದ ಸಾಮಾನ್ಯ ರೇಡಿಯೊ ಕೇಂದ್ರಗಳು ಹಾಡು ಬಿತ್ತರಿಸಿದಾಗ ಹಣ ಕೊಡುತ್ತ ಬಂದಿರುವುದು ಬರೆದವರಿಗೆ ಮಾತ್ರ. ಹಾಡಿದವರಿಗೆ ಅಲ್ಲಿ ಪಾಲಿಲ್ಲ. ಸ್ವಂತ ಹಾಡು ಬರೆಯುವವರು ಹಾಸಿಗೆ ಹಿಡಿದರೂ ಹಣ ಬರುತ್ತಿರುತ್ತದೆ. ಪರರ ಹಾಡು ಹಾಡುವವನು ಊಟ ಮಾಡಬೇಕಾದರೆ ಇವತ್ತೂ ವೇದಿಕೆ ಹತ್ತಬೇಕು. ಗ್ಯಾಸ್ ಪೈಪು ಜೋಡಿಸುವವನಿಗೂ ಅವನಿಗೂ ಇಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಇಬ್ಬರೂ ದಿನಗೂಲಿಯವರೇ.

ಆ ಕೆಟ್ಟ ದಿನಗಳ ನಡುವೆಯೇ 1974ರಲ್ಲಿ ಆತ 'ಯು ಆರ್ ಸೋ ಬ್ಯೂಟಿಫುಲ್' ಎಂಬ ಹಾಡನ್ನು ರೆಕಾರ್ಡು ಮಾಡಿದ. ಬರೆದವರು ಬಿಲ್ಲಿ ಪ್ರೆಸ್ಟನ್ ಮತ್ತು ಬ್ರೂಸ್ ಫಿಶರ್. ಪ್ರೆಸ್ಟನ್ ರೇ ಚಾರ್ಲ್ಸ್‌ನ ತಂಡದಲ್ಲಿ ನುಡಿಸಿದ್ದ ಕಪ್ಪು ಆರ್ಗನ್ ವಾದಕ. ಬೀಟಲ್ಸ್ ಜೊತೆಗೂ ನುಡಿಸಿದ್ದವನು. ಅವನದೇ ದನಿಯಲ್ಲಿ ಅದು ಲವಲವಿಕೆಯ ಹಾಡು. ಕಾಕರ್ ಮತ್ತೆ ಅದೇ ಕೆಲಸ ಮಾಡಿದ, ಗತಿ ಇಳಿಸಿದ. ಪಿಯಾನೊ ಪಕ್ಕದಲ್ಲಿ ಪಿಸುಗುಡುವಂತೆ ಹಾಡಿದ. ಕೊನೆಯ ಸ್ವರಕ್ಕೆ ಏರುವಾಗ ಗಂಟಲು ಸಹಕರಿಸದೆ ದನಿ ಒಡೆಯುತ್ತದೆ. ಅದನ್ನು ತಿದ್ದದೆ ಹಾಗೆಯೇ ಬಿಟ್ಟಿದ್ದಾರೆ. ಹಾಡಿನ ಜೀವ ಆ ಬಿರುಕಿನಲ್ಲೇ ಇದೆ. 1975ರಲ್ಲಿ ಅದು ಅಮೆರಿಕದ ಪಟ್ಟಿಯಲ್ಲಿ ಐದನೆಯ ಸ್ಥಾನ ತಲುಪಿತು. ಕಾಕರ್‌ನ ಗಂಟಲಿನ ಆ ಬಿರುಕನ್ನು ರೇಡಿಯೊ ಸಾವಿರಾರು ಸಲ ಮೊಳಗಿಸಿತು. ನಾವು ಹೇಳಿದ ನಿಯಮದ ಪ್ರಕಾರ ಅದರ ಹಣ ಸಂದದ್ದು ಹಾಡು ಬರೆದವರಿಗೆ. ಅಟ್ಲಾಂಟಿಕ್‌ನ ಈಚೆಯ ಬಿಳಿಯನಿಗೆ ಒಮ್ಮೆಯಾದರೂ ಕಪ್ಪು ಕಲಾವಿದನ ಹಾಡು ಅಗ್ಗವಾಗಿ ದಕ್ಕಲಿಲ್ಲ ಎಂದು ಯಾರಾದರೂ ಕುಹಕವಾಡಬಹುದು. ನಮಗೆ ಇದರಲ್ಲಿ ಒಂದು ನ್ಯಾಯವೂ ಒಂದು ಅನ್ಯಾಯವೂ ಒಟ್ಟಿಗೆ ಕಾಣುತ್ತವೆ.

1982ರಲ್ಲಿ ಕಾಕರ್ ಬಹಾಮಾಸ್ ದ್ವೀಪದ ನಾಸೌನಲ್ಲಿ ಜಮೈಕದ ಲಯವಾದ್ಯಗಾರರೊಡನೆ ಒಂದು ಆಲ್ಬಮ್ ಮಾಡಿದ. ಅದಕ್ಕಿಟ್ಟ ಹೆಸರು 'ಶೆಫೀಲ್ಡ್ ಸ್ಟೀಲ್'. ಹಾಡು ಎಲ್ಲಿಂದ ತಂದರೇನು, ಕಾಸಿ ಬಡಿದು ಹದ ಮಾಡುವ ಕುಲುಮೆ ತನ್ನ ಊರಿನದು ಎಂದಂತಿತ್ತು. ಅದೇ ವರ್ಷ 'ಆನ್ ಆಫೀಸರ್ ಅಂಡ್ ಎ ಜೆಂಟಲ್‌ಮನ್' ಚಿತ್ರಕ್ಕಾಗಿ ಜೆನಿಫರ್ ವಾರ್ನ್ಸ್ ಎಂಬ ಗಾಯಕಿಯ ಜೊತೆ ಹಾಡಿದ 'ಅಪ್ ವೇರ್ ವಿ ಬಿಲಾಂಗ್' ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು. ಇದು ಕವರ್ ಅಲ್ಲ, ಚಿತ್ರಕ್ಕೆಂದೇ ಬರೆದ ಹಾಡು. ಆದರೂ ಬರೆದವರು ಬೇರೆಯವರೇ. ಅದಕ್ಕೆ ಬಂದ ಆಸ್ಕರ್ ಪ್ರಶಸ್ತಿಯನ್ನು ಬರೆದ ಮೂವರು ಪಡೆದರು. ಗ್ರ್ಯಾಮಿ ಪ್ರಶಸ್ತಿಯನ್ನು ಹಾಡಿದ ಇಬ್ಬರು ಪಡೆದರು. ಲೋಕ ಕೆಲವೊಮ್ಮೆ ಎರಡು ಕೈಗಳ ಕೆಲಸವನ್ನು ಸರಿಯಾಗಿಯೇ ಗುರುತಿಸುತ್ತದೆ.

ಈಗ 1987ಕ್ಕೆ ಬರೋಣ. ನಮ್ಮ ದೃಷ್ಟಿಯಲ್ಲಿ ಈ ಕತೆಯ ನಿಜವಾದ ತಿರುವು ಇದೇ.

ಆ ವರ್ಷ ಕಾಕರ್ 'ಅನ್‌ಚೇನ್ ಮೈ ಹಾರ್ಟ್' ಎಂಬ ಆಲ್ಬಮ್ ಹೊರತಂದ. ನನ್ನ ಎದೆಯ ಸಂಕೋಲೆ ಬಿಚ್ಚು ಎಂದು ಅದರ ಅರ್ಥ. 1961ರಲ್ಲಿ ಈ ಹಾಡನ್ನು ಪ್ರಸಿದ್ಧಗೊಳಿಸಿದವನು ಗುರು ರೇ ಚಾರ್ಲ್ಸ್. ಲೋಕಕ್ಕೆ ಅದು ರೇ ಚಾರ್ಲ್ಸ್‌ನ ಹಾಡು. ಆಮೇಲೆ ಜೋ ಕಾಕರ್‌ನ ಹಾಡು. ಬರೆದವನು ಬಾಬಿ ಶಾರ್ಪ್ ಎಂಬ ಕಪ್ಪು ಕವಿ ಎಂದು ಗೊತ್ತಿದ್ದವರು ಕೆಲವರೇ. ಹಾಡು ಬರೆದ ಹೊತ್ತಿಗೆ ಶಾರ್ಪ್ ಮಾದಕ ವಸ್ತುಗಳ ದಾಸನಾಗಿದ್ದ. ಒಂದು ದಿನ ತುರ್ತಾಗಿ ಹಣ ಬೇಕಾಗಿ ಆತ ಆ ಹಾಡನ್ನು ಟೆಡ್ಡಿ ಪೊವೆಲ್ ಎಂಬ ಪ್ರಕಾಶಕನಿಗೆ 50 ಡಾಲರಿಗೆ ಕೊಟ್ಟುಬಿಟ್ಟ. ಸಾಲದ್ದಕ್ಕೆ ಆ ಪ್ರಕಾಶಕ ಹಾಡು ಬರೆದವರಲ್ಲಿ ತಾನೂ ಒಬ್ಬನೆಂದು ಪಾಲು ಬರೆಸಿಕೊಂಡ. ರೇ ಚಾರ್ಲ್ಸ್ ಹಾಡಿದ ಮೇಲೆ ಹಾಡು ದೇಶವೆಲ್ಲ ಮೊಳಗಿತು. 1963ರಲ್ಲಿ ಉಳಿದ ಹಕ್ಕನ್ನೂ ಶಾರ್ಪ್ 1000 ಡಾಲರಿಗೆ ಮಾರಿದ. ಸಂಕೋಲೆ ಬಿಚ್ಚೆಂದು ಬರೆದವನು ತನ್ನ ಹಾಡನ್ನೇ ಸಂಕೋಲೆಗೆ ಒಪ್ಪಿಸಿದ್ದ.

ಆಮೇಲೆ ಶಾರ್ಪ್ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ಹೋರಾಡಿದ. ಚಟದಿಂದ ಹೊರಬಂದ. ಕ್ಯಾಲಿಫೋರ್ನಿಯಕ್ಕೆ ಹೋಗಿ, ಅದೇ ಚಟಕ್ಕೆ ಬಿದ್ದವರಿಗೆ ಬುದ್ಧಿ ಹೇಳಿ ಕೈಹಿಡಿಯುವ ಸಲಹೆಗಾರನಾಗಿ ಕೆಲಸ ಮಾಡಿದ. ಅಮೆರಿಕದ ಹಳೆಯ ಕಾನೂನಿನಲ್ಲಿ ಹಕ್ಕುಸ್ವಾಮ್ಯಕ್ಕೆ ಎರಡು ಅವಧಿಗಳಿದ್ದವು. ಮೊದಲ 28 ವರ್ಷ ಕಳೆಯುವಾಗ ಅದನ್ನು ನವೀಕರಿಸಬೇಕು. ಹಕ್ಕು ಮಾರಿಕೊಂಡ ಬಡ ಲೇಖಕನಿಗೆ ಎರಡನೆಯ ಅವಕಾಶವೊಂದು ಇರಲಿ ಎಂಬುದು ಅದರ ಹಿಂದಿನ ಕರುಣೆ. 1987ರಲ್ಲಿ ಬಾಬಿ ಶಾರ್ಪ್ ತನ್ನ ಹಾಡಿನ ಹಕ್ಕನ್ನು ತನ್ನದೇ ಹೆಸರಿನ ಪುಟ್ಟ ಪ್ರಕಾಶನಕ್ಕೆ ನವೀಕರಿಸಿಕೊಂಡ. ಅದೇ ವರ್ಷ ಶೆಫೀಲ್ಡಿನ ಒರಟು ದನಿ ಆ ಹಾಡನ್ನು ಮತ್ತೆ ಲೋಕದ ತುಂಬ ಹಬ್ಬಿಸಿತು. ಇಪ್ಪತ್ತಾರು ವರ್ಷ ತಡವಾಗಿಯಾದರೂ, ಈ ಸಲ ಹಾಡಿದವನ ದುಡಿಮೆಯ ಫಲ ಬರೆದವನ ಮನೆಗೆ ಬಂತು. ಶಾರ್ಪ್ 80ರ ವಯಸ್ಸಿನಲ್ಲಿ ತನ್ನ ಸ್ವಂತ ದನಿಯಲ್ಲಿ ಒಂದು ಆಲ್ಬಮ್ಮನ್ನೂ ಹೊರತಂದ. 2013ರಲ್ಲಿ ತೀರಿಕೊಂಡ.

ಕಾಕರ್ ಇದನ್ನೆಲ್ಲ ಯೋಚಿಸಿ ಆ ಹಾಡನ್ನು ಆರಿಸಿಕೊಂಡನೆಂದು ನಾವು ಹೇಳುತ್ತಿಲ್ಲ. ಆತ ತನ್ನ ಗುರುವಿನ ಹಾಡೊಂದನ್ನು ಹಾಡಿದ, ಅಷ್ಟೆ. ಆದರೆ ಬರೆದವನ ಹೆಸರು ತನ್ನ ಜಾಗದಲ್ಲಿ ಇದ್ದರೆ, ಎರವಲು ಪಡೆದವನು ಅರಿಯದೆಯೂ ಸಾಲ ತೀರಿಸುತ್ತಾನೆ.

ಹೆಸರು ಇಲ್ಲದಿದ್ದರೆ ಏನಾಗುತ್ತದೆ? ಅದೇ 1987 ಇದಕ್ಕೂ ಸಾಕ್ಷಿ. ಓದುಗರು ನೆನಪಿನಲ್ಲಿಟ್ಟುಕೊಂಡ ಜಿಮ್ಮಿ ಪೇಜ್ 1968ರಲ್ಲಿ ಲೆಡ್ ಜೆಪೆಲಿನ್ ತಂಡ ಕಟ್ಟಿದ. ಮರುವರ್ಷ ಆ ತಂಡದ 'ಹೋಲ್ ಲಾಟ್ಟ ಲವ್' ಎಂಬ ಹಾಡು ಲೋಕವನ್ನು ನಡುಗಿಸಿತು. ಲೇಬಲ್ಲಿನ ಮೇಲೆ ಇದ್ದದ್ದು ತಂಡದ ನಾಲ್ವರ ಹೆಸರು. ಆದರೆ ಅದರ ಮಾತುಗಳು ಷಿಕಾಗೊದ ಬ್ಲೂಸ್ ಕವಿ ವಿಲ್ಲಿ ಡಿಕ್ಸನ್ ಬರೆದು, ಮಡ್ಡಿ ವಾಟರ್ಸ್ 1962ರಲ್ಲಿ ಹಾಡಿದ್ದ 'ಯು ನೀಡ್ ಲವ್' ಎಂಬ ಹಾಡಿನ ಮಾತುಗಳಿಗೆ ತೀರಾ ಹತ್ತಿರವಾಗಿದ್ದವು. ಡಿಕ್ಸನ್ 1985ರಲ್ಲಿ ದಾವೆ ಹೂಡಿದ. 1987ರಲ್ಲಿ ನ್ಯಾಯಾಲಯದ ಹೊರಗೆ ರಾಜಿಯಾಯಿತು. ನಂತರದ ಪ್ರತಿಗಳಲ್ಲಿ ಡಿಕ್ಸನ್‌ನ ಹೆಸರು ಸೇರಿತು. ಇಂಥ ಮೋಸಕ್ಕೆ ಸಿಕ್ಕ ಬ್ಲೂಸ್ ಕಲಾವಿದರ ಹಕ್ಕುಗಳಿಗಾಗಿ ಆತ ಒಂದು ಪ್ರತಿಷ್ಠಾನವನ್ನೂ ಕಟ್ಟಿದ್ದ.

ಇನ್ನೊಂದು ಉದಾಹರಣೆ. ಮಿಸಿಸಿಪ್ಪಿಯ ಸ್ಕಿಪ್ ಜೇಮ್ಸ್ 1931ರಲ್ಲಿ ರೆಕಾರ್ಡು ಮಾಡಿದ್ದ ಹಾಡೊಂದನ್ನು ಎರಿಕ್ ಕ್ಲಾಪ್ಟನ್ ಇದ್ದ 'ಕ್ರೀಮ್' ಎಂಬ ಬ್ರಿಟಿಷ್ ತಂಡ 1966ರಲ್ಲಿ ಹಾಡಿತು. ಬರೆದವನ ಹೆಸರನ್ನು ಹೇಳಿಯೇ ಹಾಡಿತು. ಕ್ಯಾನ್ಸರಿನಿಂದ ನರಳುತ್ತಿದ್ದ ಮುದುಕನಿಗೆ ಅದರಿಂದ ಬಂದ ಹಣ ಆಸ್ಪತ್ರೆಯ ಖರ್ಚಿಗೆ ಆಸರೆಯಾಯಿತು. ಲೇಬಲ್ಲಿನ ಮೇಲಿನ ಸಣ್ಣ ಅಕ್ಷರಗಳ ಬೆಲೆ ಎಷ್ಟೆಂದರೆ ಇಷ್ಟು. ಒಬ್ಬನಿಗೆ ಅದು ಮದ್ದು, ಇನ್ನೊಬ್ಬನಿಗೆ ಹದಿನೆಂಟು ವರ್ಷಗಳ ಕಾಯುವಿಕೆ.

ಬಿಳಿಯನೊಬ್ಬ ಕಪ್ಪು ಜನರ ನೋವಿನ ಸಂಗೀತವನ್ನು ಹಾಡಬಹುದೇ ಎಂಬ ಪ್ರಶ್ನೆಯನ್ನು ಹಲವರು ಎತ್ತಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಒಂದು ಉತ್ತರ ರೇ ಚಾರ್ಲ್ಸ್‌ನ ಬದುಕಿನಲ್ಲೇ ಇದೆ. ಆತ 1962ರಲ್ಲಿ ಹೊರತಂದ ಆಲ್ಬಮ್ಮೊಂದು ಬಿಳಿಯರದೆಂದೇ ತಿಳಿದಿದ್ದ ಕಂಟ್ರಿ ಸಂಗೀತದ ಹಾಡುಗಳಿಂದ ತುಂಬಿತ್ತು. ಅದರಲ್ಲಿ ಬಿಳಿಯ ಕವಿ ಡಾನ್ ಗಿಬ್ಸನ್ ಬರೆದ ಹಾಡೊಂದು ರೇ ಚಾರ್ಲ್ಸ್‌ನ ಗಂಟಲಲ್ಲಿ ಅಮೆರಿಕದ ಮೊದಲ ಸ್ಥಾನ ಪಡೆಯಿತು. ವರ್ಣಭೇದದ ಗೋಡೆಗಳು ಇನ್ನೂ ಗಟ್ಟಿಯಾಗಿದ್ದ ಕಾಲದಲ್ಲಿ ಗುರುವೇ ಆಚೆ ದಡದಿಂದ ಎರವಲು ತಂದಿದ್ದ. ಹಾಡಿಗೆ ಜಾತಿಯಿಲ್ಲ ಎಂದು ಸಲೀಸಾಗಿ ಹೇಳಿಬಿಡಲು ನಮಗೆ ಮನಸ್ಸಿಲ್ಲ. ಹಾಡು ಬರೆದವರಿಗೆ ಜಾತಿ, ಬಣ್ಣ, ಬಡತನಗಳಿದ್ದವು. ಅವುಗಳಿಂದಾಗಿಯೇ ಅವರು ಮೋಸಹೋದರು. ಆದ್ದರಿಂದ ಯಾರು ಹಾಡಿದರು ಎಂಬುದಕ್ಕಿಂತ ಹಾಡಿ ಯಾರ ಹೆಸರು ಹೇಳಿದರು, ಯಾರ ಪಾಲು ಕೊಟ್ಟರು ಎಂಬುದೇ ಮುಖ್ಯ ಪ್ರಶ್ನೆ ಎಂದು ನಮಗೆ ತೋರುತ್ತದೆ.

ಕಾಕರ್ ಕೊನೆಯ ವರ್ಷಗಳನ್ನು ಅಮೆರಿಕದ ಕೊಲೊರಾಡೊ ರಾಜ್ಯದ ಕ್ರಾಫರ್ಡ್ ಎಂಬ ಪುಟ್ಟ ಊರಿನ ಬಳಿ ಹೆಂಡತಿ ಪ್ಯಾಮ್ ಜೊತೆ ಕಳೆದ. ಕುಡಿತ ಬಿಟ್ಟಿದ್ದ. ಊರಿನ ಮಕ್ಕಳಿಗಾಗಿ ದಂಪತಿಗಳು ಒಂದು ಸಹಾಯ ನಿಧಿ ನಡೆಸಿದರು. 1994ರಲ್ಲಿ ಶೆಫೀಲ್ಡ್ ಹ್ಯಾಲಮ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 2007ರಲ್ಲಿ ಬ್ರಿಟಿಷ್ ಸರಕಾರದ ಗೌರವವೂ ಬಂತು. 2012ರ ತನಕ ಹೊಸ ಆಲ್ಬಮ್ ತರುತ್ತಲೇ ಇದ್ದ. 2014ರ ಡಿಸೆಂಬರ್ 22ರಂದು ಶ್ವಾಸಕೋಶದ ಕ್ಯಾನ್ಸರಿನಿಂದ 70ರ ವಯಸ್ಸಿನಲ್ಲಿ ತೀರಿಕೊಂಡ. ಅಮೆರಿಕದ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಅವನನ್ನು ಸೇರಿಸಿಕೊಂಡದ್ದು 2025ರಲ್ಲಿ, ಆತ ಹೋಗಿ ಹನ್ನೊಂದು ವರ್ಷಗಳ ಹೊತ್ತಿಗೆ. ಸ್ವಂತ ಹಾಡು ಬರೆಯುವವರನ್ನೇ ದೊಡ್ಡವರೆಂದು ಎಣಿಸುವ ಲೋಕದಲ್ಲಿ ಎರವಲು ಹಾಡುಗಾರನ ಸರದಿ ಬರಲು ಅಷ್ಟು ಹೊತ್ತು ಹಿಡಿಯಿತೇನೋ.

ಗ್ರಾಮಾಫೋನ್ ತಟ್ಟೆಯ ಕಾಲ ಹೋಯಿತು. ಈಗ ಹಾಡು ಮೊಬೈಲಿನಲ್ಲಿ ಹರಿಯುತ್ತದೆ. ದುಂಡು ಕಾಗದವೂ ಇಲ್ಲ, ಕಂಸವೂ ಇಲ್ಲ. ಪರದೆಯ ಮೇಲೆ ದೊಡ್ಡದಾಗಿ ಕಾಣುವುದು ಹಾಡಿದವರ ಹೆಸರು. ಬರೆದವರು ಬೇಕೆಂದರೆ ಇನ್ನೆಲ್ಲೋ ಬೆರಳೊತ್ತಿ ಹುಡುಕಬೇಕು. ಓದುಗರಲ್ಲಿ ಯಾರಾದರೂ ಕಾಕರ್‌ನ ಆ ಹಾಡನ್ನು ಕೇಳುವುದಾದರೆ, ಸಂಕೋಲೆ ಬಿಚ್ಚೆಂದು ಆತ ಗಂಟಲು ಹರಿದುಕೊಳ್ಳುವ ಹೊತ್ತಿಗೆ, ಒಮ್ಮೆ ಬೆರಳೊತ್ತಿ ನೋಡಲಿ. ಬಾಬಿ ಶಾರ್ಪ್‌ನ ಹೆಸರು ಅಲ್ಲಿರುತ್ತದೆ. ಆ ಹಾಡಿನ ಮಖ್ತಾ ಅದೇ.